ವ್ಯಾಕ್ಯೂಮ್ ರೆಸಿನ್ ಇನ್ಫ್ಯೂಷನ್ ಸೆಟಪ್: ರೆಸಿನ್ ಕಲಸೋಕೆ ಮುಂಚೆ ಮಾಡಬೇಕಾದ ಕೆಲಸ, ಕಲಸಿದ ಮೇಲೆ ಮಾಡಬಾರದ ಕೆಲಸ

ಒಣ ಫೈಬರ್ ಬಟ್ಟೆಗೆ ವ್ಯಾಕ್ಯೂಮ್‌ನಲ್ಲಿ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗೋ ದ್ರವ) ಹರಿಸಿ ಗಟ್ಟಿ ಪಾರ್ಟ್ ಮಾಡೋದೇ ಇನ್ಫ್ಯೂಷನ್. ಇದನ್ನ ಮಾಡೋಕೆ ಹೊರಟೋರು ಮೊದಲು ಕೇಳೋದೇ ಯಾವ ರೆಸಿನ್ ತಗೊಳ್ಳಲಿ, ಎಷ್ಟು ದೊಡ್ಡ ಪಂಪ್ ಬೇಕು ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಆದ್ರೆ ನನ್ನ ಕೈಯಲ್ಲಿ ಹಾಳಾಗಿ ಕಸಕ್ಕೆ ಹೋದ ಪಾರ್ಟ್‌ಗಳನ್ನ ನೆನಪು ಮಾಡ್ಕೊಂಡ್ರೆ, ರೆಸಿನ್ ಕೈಕೊಟ್ಟು ಹೋಗಿದ್ದು ಒಂದು, ಪಂಪ್ ಸಾಲದೆ ಹೋಗಿದ್ದು ಒಂದೂ ಇಲ್ಲ, ಉಳಿದಿದ್ದೆಲ್ಲ ರೆಸಿನ್ ಡಬ್ಬಿ ಮುಚ್ಚಳ ತೆಗೆಯೋ ಮುಂಚೆನೇ ಹಾಳಾಗಿದ್ವು, ನನಗೆ ಗೊತ್ತಾಗಿದ್ದು ಮಾತ್ರ ಆಮೇಲೆ. ಎಲ್ಲೋ ಟೇಪ್ ಕೆಳಗೆ ಒಂದೆಳೆ ಗ್ಲಾಸ್ ನೂಲು ಸಿಕ್ಕಾಕೊಂಡಿರುತ್ತೆ, ಮೂಲೇಲಿ ಬ್ಯಾಗ್ ಬಿಗಿಯಾಗಿ ಎಳೆದಿರುತ್ತೆ, ಮೆಶ್ (ರೆಸಿನ್ ಹರಡೋ ಜಾಲರಿ) ಎರಡು ಬೆರಳು ಜಾಸ್ತಿ ಮುಂದಕ್ಕೆ ಹೋಗಿರುತ್ತೆ. ಹಾಗಾಗಿ ಕೆಳಗೆ ಮುಕ್ಕಾಲು ಪಾಲು ಒಣ ಕೆಲಸದ ಬಗ್ಗೆನೇ ಇದೆ. ರೆಸಿನ್ ಹರಿಯೋ ಭಾಗ ನೋಡೋಕೆ ಚೆಂದ, ಮಾಡೋಕೆ ಅಷ್ಟೇನಿಲ್ಲ.

ಒಳಗೆ ಏನು ನಡೆಯುತ್ತೆ

ಮೋಲ್ಡ್ ಮೇಲೆ ಒಣ ಫೈಬರ್ ಬಟ್ಟೆ ಹಾಸ್ತೀವಿ, ಅದರ ಮೇಲೆ ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ ಸುತ್ತ ಸೀಲ್ ಮಾಡ್ತೀವಿ, ಒಳಗಿನ ಗಾಳಿ ಪಂಪ್‌ನಿಂದ ತೆಗೀತೀವಿ. ಪಂಪ್ ರೆಸಿನ್ ಎಳೆಯುತ್ತೆ ಅಂತ ಎಲ್ಲರೂ ಹೇಳ್ತಾರೆ, ನಿಜ ಹೇಳ್ಬೇಕಂದ್ರೆ ಪಂಪ್ ಏನೂ ಎಳೆಯಲ್ಲ, ಅದು ಒಳಗೆ ಜಾಗ ಖಾಲಿ ಮಾಡುತ್ತೆ ಅಷ್ಟೇ, ಬಕೆಟ್ ಮೇಲೆ ಕೂತಿರೋ ಹೊರಗಿನ ಗಾಳಿ ರೆಸಿನ್‌ನ ಪೈಪ್ ಒಳಕ್ಕೆ ತಳ್ಳುತ್ತೆ. ಅದೇ ಗಾಳಿ ಬ್ಯಾಗ್ ಮೇಲೂ ಒತ್ತುತ್ತೆ. ಸಮುದ್ರ ಮಟ್ಟದಲ್ಲಿ ಅದು ಸುಮಾರು 1013 ಮಿಲಿಬಾರ್, ಅಂದ್ರೆ ಒಂದು ಚದರ ಮೀಟರ್ ಪಾರ್ಟ್ ಮೇಲೆ ಸುಮಾರು 10 ಟನ್ ಭಾರ. ಅಷ್ಟು ಭಾರದಲ್ಲಿ ಬಟ್ಟೆ ಒತ್ತಿಕೊಂಡ ಮೇಲೆ ರೆಸಿನ್ ಬರೋದ್ರಿಂದ ಜಾಸ್ತಿ ರೆಸಿನ್ ನಿಲ್ಲೋಕೆ ಜಾಗಾನೇ ಇರಲ್ಲ. ಬ್ರಶ್ ಹಿಡಿದು ಕೈಯಲ್ಲಿ ಮಾಡಿದ ಪಾರ್ಟ್‌ನ ಒಟ್ಟು ಗಾತ್ರದಲ್ಲಿ ಫೈಬರ್ ಪಾಲು 30 ರಿಂದ 40 ಶೇಕಡಾ ಬಂದ್ರೆ ಇನ್ಫ್ಯೂಷನ್‌ನಲ್ಲಿ 50 ರಿಂದ 60 ಬರೋದು ಇದರಿಂದಾನೇ.

ಎತ್ತರದ ಜಾಗದಲ್ಲಿ ಕೆಲಸ ಮಾಡೋರಿಗೆ ಒಂದು ಮಾತು. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಹೊರಗಿನ ಗಾಳಿ ಒತ್ತಡನೇ ಸುಮಾರು 900 ಮಿಲಿಬಾರ್. ಮುಳ್ಳಿನ ಗೇಜ್ ಅಲ್ಲಿ ಮೈನಸ್ 0.9 ಬಾರ್ ದಾಟಲ್ಲ, ಲೀಕ್ ಇದೆ ಅಂತ ಅಂದ್ಕೊಂಡು ರಾತ್ರಿಯೆಲ್ಲ ಟೇಪ್ ಒತ್ತುತ್ತಾ ಕೂತವರಿದ್ದಾರೆ, ಅದರಲ್ಲಿ ನಾನೂ ಒಬ್ಬ. ಅದಕ್ಕೇ ಅಬ್ಸಲ್ಯೂಟ್ ಒತ್ತಡ ತೋರಿಸೋ ಡಿಜಿಟಲ್ ಗೇಜ್ ತಗೊಳ್ಳಿ. ಅದು ಪೂರ್ತಿ ಶೂನ್ಯದಿಂದ ಎಣಿಸುತ್ತೆ, ಊರು ಯಾವುದು, ಹವಾ ಹೇಗಿದೆ ಅಂತ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ. ಮುಳ್ಳಿನ ಗೇಜ್‌ನಲ್ಲಿ 5 ಮಿಲಿಬಾರ್ ವ್ಯತ್ಯಾಸ ಕಣ್ಣಿಗೆ ಕಾಣೋದೇ ಇಲ್ಲ, ನಮಗೆ ಬೇಕಾಗಿರೋದು ಆ 5 ಮಿಲಿಬಾರ್ರೇ.

ಇನ್ನು ರೆಸಿನ್ ಎಷ್ಟು ಬೇಗ ಹರಿಯುತ್ತೆ ಅನ್ನೋದು. 1856ರಲ್ಲಿ ಫ್ರಾನ್ಸಿನ ಡಿಜಾನ್‌ನಲ್ಲಿ ಹೆನ್ರಿ ಡಾರ್ಸಿ ಅನ್ನೋ ಇಂಜಿನಿಯರ್ ಮರಳಿನ ಮೂಲಕ ನೀರು ಹೇಗೆ ಸೋರಿ ಹೋಗುತ್ತೆ ಅಂತ ಅಳೆದು ಒಂದು ಸೂತ್ರ ಬರೆದ, ನಾವು ಇವತ್ತು ಫೈಬರ್ ಒಳಗೆ ರೆಸಿನ್ ಹರಿಯೋಕೂ ಅದೇ ಸೂತ್ರ ಬಳಸೋದು. ನಮ್ಮ ಕೆಲಸಕ್ಕೆ ಬೇಕಾದ ಸಾರ ಇಷ್ಟು: ರೆಸಿನ್ ಎರಡು ಪಟ್ಟು ದಪ್ಪ ಆದ್ರೆ ಎರಡು ಪಟ್ಟು ಹೊತ್ತು, ಹರಿಯೋ ದೂರ ಎರಡು ಪಟ್ಟಾದ್ರೆ ನಾಲ್ಕು ಪಟ್ಟು ಹೊತ್ತು. ಈ ಎರಡನೇದು ತಲೇಲಿ ಇಟ್ಕೊಂಡ್ರೆ ಅರ್ಧ ಪ್ಲಂಬಿಂಗ್ ಮುಗಿದ ಹಾಗೆ. ಎರಡು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪಾರ್ಟ್ ಇದೆ ಅನ್ಕೊಳ್ಳಿ, ಗಿಡ್ಡ ಕಡೆಯಿಂದ ರೆಸಿನ್ ಬಿಟ್ರೆ ಅದು ಎರಡು ಮೀಟರ್ ಹೋಗ್ಬೇಕು, ಉದ್ದ ಕಡೆಯಿಂದ ಬಿಟ್ರೆ ಅರ್ಧ ಮೀಟರ್ ಸಾಕು, ದೂರ ನಾಲ್ಕನೇ ಒಂದು ಭಾಗ, ಹೊತ್ತು ಹದಿನಾರನೇ ಒಂದು ಭಾಗ. ಅದಕ್ಕೇ ರೆಸಿನ್ ಯಾವಾಗಲೂ ಉದ್ದ ಅಂಚಿನಿಂದ.

ಸಾಮಾನು

ಪಂಪ್: ಆಯಿಲ್ ರೋಟರಿ ವೇನ್ ಪಂಪ್ ಸಾಕು, ಎಸಿ ರಿಪೇರಿ ಮಾಡೋರು ಬಳಸೋ ಅಂಥದ್ದು ಸಣ್ಣ ಪಾರ್ಟ್‌ಗೆ ಧಾರಾಳ. ಬ್ಯಾಗ್ ಸರಿಯಾಗಿ ಸೀಲ್ ಆಗಿದ್ರೆ ಸಣ್ಣ ಪಂಪೂ ಕೆಲಸ ಮಾಡುತ್ತೆ, ಸ್ವಲ್ಪ ಹೊತ್ತು ಜಾಸ್ತಿ ತಗೊಳ್ಳುತ್ತೆ ಅಷ್ಟೇ. ದೊಡ್ಡ ಪಂಪ್ ಹಾಕಿ ಲೀಕ್ ಗೆಲ್ತೀನಿ ಅನ್ನೋದು ತೂತಿರೋ ಕೊಡಕ್ಕೆ ನೀರು ತುಂಬಿದ ಹಾಗೆ. ಗೇಜ್‌ನಲ್ಲಿ ಅಂಕಿ ಚೆನ್ನಾಗೇ ಕಾಣುತ್ತೆ, ಒಳಗೆ ಗಾಳಿ ಮಾತ್ರ ಒಂದೇ ಸಮ ಬರ್ತಾನೇ ಇರುತ್ತೆ.

ಕ್ಯಾಚ್ ಪಾಟ್: ಪಾರ್ಟ್‌ಗೂ ಪಂಪ್‌ಗೂ ನಡುವೆ ಇರೋ ಪಾತ್ರೆ. ಜಾಸ್ತಿ ಬಂದ ರೆಸಿನ್ ಇಲ್ಲಿ ಬೀಳ್ಬೇಕು, ಪಂಪ್ ಒಳಗೆ ಹೋದ್ರೆ ಪಂಪ್ ಅಲ್ಲಿಗೆ ಮುಗೀತು. ಮನೇಲಿರೋ ಗಾಜಿನ ಬಾಟಲಿ, ಉಪ್ಪಿನಕಾಯಿ ಜಾರ್ ಇಂಥದ್ದೆಲ್ಲ ಬಳಸ್ಬೇಡಿ, ವ್ಯಾಕ್ಯೂಮ್‌ಗೆ ಮಾಡಿದ್ದಲ್ಲದ ಗಾಜು ಒಳಕ್ಕೆ ಸಿಡಿಯುತ್ತೆ, ಚೂರು ಮುಖಕ್ಕೆ ಬರುತ್ತೆ. ದಪ್ಪ ಸ್ಟೀಲ್ ಪಾತ್ರೆ, ಮೇಲೆ ದಪ್ಪ ಪಾರದರ್ಶಕ ಮುಚ್ಚಳ, ಗೇಜ್ ಅದರ ಮೇಲೇ ಕೂರಿಸಿ.

ಉಳಿದಿದ್ದು: ಬ್ಯಾಗಿಂಗ್ ಫಿಲ್ಮ್, ಸೀಲೆಂಟ್ ಟೇಪ್, ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯೋ ತೆಳು ಬಟ್ಟೆ), ಫ್ಲೋ ಮೆಶ್, ಸ್ಪೈರಲ್ ಟ್ಯೂಬ್ (ಉದ್ದಕ್ಕೂ ಸಂದಿ ಇರೋ ಸುರುಳಿ ಪೈಪ್), ಗೋಡೆ ದಪ್ಪ ಇರೋ ವ್ಯಾಕ್ಯೂಮ್ ಪೈಪ್, ನಾಲ್ಕೈದು ಲೈನ್ ಕ್ಲ್ಯಾಂಪ್, ಗ್ರಾಂ ತೋರಿಸೋ ತಕ್ಕಡಿ. ಇದರಲ್ಲಿ ಸೀಲೆಂಟ್ ಟೇಪ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳೇದಾಗಿ ಒಣಗಿದ ಟೇಪ್ ಅಂಟಿದ ಹಾಗೆ ಕಾಣುತ್ತೆ, ಒಂದು ಗಂಟೆ ಆದ ಮೇಲೆ ಮೂಲೇಲಿ ಮೆಲ್ಲಗೆ ಬಿಟ್ಕೊಳ್ಳುತ್ತೆ. ಬ್ಯಾಗ್‌ಗೆ ನೈಲಾನ್ ಫಿಲ್ಮ್ ಸಾಮಾನ್ಯ, ಅದು ಗಾಳಿಯ ತೇವ ಹೀರ್ಕೊಂಡಾಗ ಮೆತ್ತಗಿರುತ್ತೆ, ತುಂಬಾ ಒಣಗಿದ್ರೆ ಬಿರುಸಾಗಿ ಮಡಿಕೆಯಲ್ಲಿ ಬಿರುಕು ಬಿಡುತ್ತೆ, ಹಾಗಾಗಿ ರೋಲ್‌ನ ಅದರ ಕವರ್‌ನಲ್ಲೇ ಇಡಿ.

ರೆಸಿನ್ ಆರಿಸೋವಾಗ ಡೇಟಾಶೀಟ್‌ನಲ್ಲಿ ವಿಸ್ಕಾಸಿಟಿ (ದ್ರವ ಎಷ್ಟು ದಪ್ಪ ಅನ್ನೋ ಅಳತೆ) ನೋಡಿ, ನೀರು 1 ಸೆಂಟಿಪಾಯ್ಸ್, ಇನ್ಫ್ಯೂಷನ್ ರೆಸಿನ್ ಕಲಸಿದ ಮೇಲೆ 200 ರಿಂದ 400 ಒಳಗೆ ಇರ್ಬೇಕು. ಕೈಲೇಪದ ರೆಸಿನ್ ಮನೇಲಿ ಉಳಿದಿದೆ, ಅದನ್ನೇ ಬಳಸ್ತೀನಿ ಅಂತ ಹೊರಟ್ರೆ ಅರ್ಧ ದಾರೀಲಿ ಗಟ್ಟಿ ಆಗುತ್ತೆ. ತೆಳ್ಳಗೆ ಮಾಡೋಕೆ ಥಿನ್ನರ್, ಅಸಿಟೋನ್ ಹಾಕೋದಂತೂ ಬೇಡವೇ ಬೇಡ, ವ್ಯಾಕ್ಯೂಮ್‌ನಲ್ಲಿ ಅದು ಕುದಿದು ಪಾರ್ಟ್ ತುಂಬಾ ಗುಳ್ಳೆ.

ಮೋಲ್ಡ್

ಮೊದಲ ಸಲ ಮಾಡೋರಿಗೆ ನನ್ನ ಸಲಹೆ, ದಪ್ಪ ಟಫನ್ಡ್ ಗಾಜಿನ ಹಾಳೆ ಮೇಲೆ ಅರ್ಧ ಮೀಟರ್ ಚೌಕದ ಒಂದು ಪ್ಯಾನಲ್ ಮಾಡಿ. ಗಾಜು ಲೀಕ್ ಆಗಲ್ಲ, ಅದೊಂದು. ಇನ್ನೊಂದು ಅದಕ್ಕಿಂತ ದೊಡ್ಡದು: ಎರಡು ಸ್ಟ್ಯಾಂಡ್ ಮೇಲೆ ಗಾಜು ಇಟ್ಟು ಕೆಳಗೆ ಬಗ್ಗಿ ನೋಡಬಹುದು. ಮೇಲೆ ಮೆಶ್‌ನಲ್ಲಿ ರೆಸಿನ್ ಒಂದು ಗೇಣು ಮುಂದೆ ಓಡಿರುತ್ತೆ, ಕೆಳಗಡೆ ಬಟ್ಟೆ ಇನ್ನೂ ಬೆಳ್ಳಗೆ ಒಣಗಿರುತ್ತೆ, ನೂಲಿನ ಒಂದೊಂದು ಕಟ್ಟು ನಿಧಾನಕ್ಕೆ ಒದ್ದೆಯಾಗಿ ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗ್ತಾ ಬರೋದು ಕಾಣುತ್ತೆ. ಇದನ್ನ ಒಂದು ಸಲ ಕಣ್ಣಾರೆ ನೋಡಿದವರು ಮೆಶ್ ಎಲ್ಲಿ ನಿಲ್ಲಿಸ್ಬೇಕು ಅಂತ ಮತ್ತೆ ಯಾರನ್ನೂ ಕೇಳಲ್ಲ.

ಬೇರೆ ಮೋಲ್ಡ್ ಆದ್ರೆ ಸುತ್ತ 10 ರಿಂದ 15 ಸೆಂ.ಮೀ. ಫ್ಲ್ಯಾಂಜ್ (ಚಪ್ಪಟೆ ಅಂಚು) ಇರ್ಲಿ, ಪೈಪು, ಟೇಪು ಎಲ್ಲ ಕೂರೋದು ಅಲ್ಲೇ. ಮರ, ಎಂಡಿಎಫ್ ಮೋಲ್ಡ್ ಹಾಗೇ ಬಳಸೋಕೆ ಆಗಲ್ಲ, ಅದರ ಮೈಯೆಲ್ಲ ಉಸಿರಾಡುತ್ತೆ, ಎಪಾಕ್ಸಿ ರೆಸಿನ್ ಬಳಿದು ಸೀಲ್ ಮಾಡ್ಬೇಕು. ಬೋಲ್ಟ್ ತೂತು, ಜೋಡಿಸಿದ ಸಂದು ಇದ್ರೆ ಹಿಂದಿನಿಂದ ಮುಚ್ಚಿ.

ವ್ಯಾಕ್ಸ್ ಹಚ್ಚೋ ಮುಂಚೆ ಸೀಲೆಂಟ್ ಟೇಪ್ ಬರೋ ಜಾಗಕ್ಕೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿಬಿಡಿ. ಇದನ್ನ ಮರೆತ್ರೆ ವ್ಯಾಕ್ಸ್ ಮೇಲೆ ಸೀಲೆಂಟ್ ಟೇಪ್ ಹಿಡಿಯಲ್ಲ, ಆಮೇಲೆ ಒರೆಸಿದ್ರೂ ಪೂರ್ತಿ ಹೋಗಲ್ಲ. ಹೊಸ ಮೋಲ್ಡ್ ಆದ್ರೆ ರಿಲೀಸ್ ವ್ಯಾಕ್ಸ್ ಐದಾರು ಕೋಟ್, ಪ್ರತಿ ಕೋಟ್ ನಡುವೆ ಡಬ್ಬಿ ಮೇಲೆ ಬರೆದಿರೋಷ್ಟು ಹೊತ್ತು ಬಿಟ್ಟು ಉಜ್ಜಿ.

ಬಟ್ಟೆ ಹಾಸೋದು

ಕತ್ತರಿಸೋ ಟೇಬಲ್ ಮೋಲ್ಡ್‌ನಿಂದ ದೂರ ಇರ್ಲಿ, ಕತ್ತರಿಸಿದ ಚೂರು ನೂಲು ಫ್ಲ್ಯಾಂಜ್ ಮೇಲೆ ಬಿದ್ರೆ ಅದೇ ಲೀಕ್. ಗ್ಲಾಸ್ ಬಟ್ಟೆ ರೆಸಿನ್‌ನ ಸುಲಭವಾಗಿ ಒಳಗೆ ಬಿಡುತ್ತೆ, ಕಾರ್ಬನ್ ಬಟ್ಟೆ ಬಿಗಿ, ನಿಧಾನ, ಮೇಲಾಗಿ ಒದ್ದೆ ಆಯ್ತೋ ಇಲ್ವೋ ಅಂತ ಕಪ್ಪು ಬಣ್ಣದಲ್ಲಿ ಗೊತ್ತಾಗಲ್ಲ, ಅದಕ್ಕೇ ಕಲಿಯೋದು ಗ್ಲಾಸ್‌ನಲ್ಲಿ. ಎಪಾಕ್ಸಿ ಬಳಸ್ತಿದ್ರೆ ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ತುಂಡು ನೂಲು ಅಂಟಿಸಿ ಮಾಡಿದ ಹಾಳೆ) ಬೇಡ, ಅದರ ನೂಲುಗಳನ್ನ ಹಿಡಿದಿಡೋ ಬೈಂಡರ್ ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್‌ನಲ್ಲಿರೋ ಸ್ಟೈರೀನ್‌ಗೆ ಕರಗೋ ಅಂಥದ್ದು, ಎಪಾಕ್ಸಿಯಲ್ಲಿ ಅದು ಹಾಗೇ ಉಳ್ಕೊಳ್ಳುತ್ತೆ.

ಒಳ ಮೂಲೆಗಳಲ್ಲಿ ಬಟ್ಟೆನ ಬೆರಳಿಂದ ಒತ್ತಿ ಕೂರಿಸಿ. ಮೂಲೇಲಿ ಬಟ್ಟೆ ಮೋಲ್ಡ್‌ಗೆ ತಾಗದೆ ಸೇತುವೆ ಥರ ನಿಂತ್ರೆ ಕೆಳಗಿನ ಖಾಲಿ ಜಾಗದಲ್ಲಿ ಬರೀ ರೆಸಿನ್ ತುಂಬ್ಕೊಳ್ಳುತ್ತೆ, ಪಾರ್ಟ್ ತೆಗೆದ ಮೇಲೆ ಅಂಚು ಬಿಸ್ಕತ್ ಥರ ಮುರಿಯುತ್ತೆ. ನೇರ ಗೋಡೆ ಮೇಲೆ ಬಟ್ಟೆ ಜಾರ್ತಿದ್ರೆ ರೆಸಿನ್‌ಗೆ ಹೊಂದೋ ಸ್ಪ್ರೇ ಅಂಟು ಸಿಗುತ್ತೆ, ಒಂದು ಉಸಿರಷ್ಟು ಹೊಡೀರಿ, ಜಾಸ್ತಿ ಹೊಡೆದ್ರೆ ರೆಸಿನ್ ಅಲ್ಲಿ ನುಗ್ಗಲ್ಲ. ಫೋಮ್ ಕೋರ್ (ಬಟ್ಟೆ ಪದರಗಳ ನಡುವೆ ಇಡೋ ಫೋಮ್ ಹಾಳೆ) ಇದ್ರೆ ಗೀರು ಅಥವಾ ತೂತು ಇರೋ ಇನ್ಫ್ಯೂಷನ್ ಫೋಮೇ ಬೇಕು, ಇಲ್ಲಾಂದ್ರೆ ರೆಸಿನ್ ಮೇಲಿನ ಪದರದಿಂದ ಕೆಳಗಿನದಕ್ಕೆ ಇಳಿಯೋಕೆ ದಾರಿ ಇಲ್ಲ.

ಆಮೇಲೆ ಪೀಲ್ ಪ್ಲೈ, ಬಟ್ಟೆಗಿಂತ ಎಲ್ಲಾ ಕಡೆ ಸ್ವಲ್ಪ ದೊಡ್ಡದಾಗಿ. ಕಿತ್ತು ಬಿಸಾಡೋ ಮೆಶ್, ಟ್ಯೂಬ್ ಎಲ್ಲ ಇದರ ಮೇಲೆ ಇರ್ಬೇಕು, ಎಲ್ಲೂ ನೇರ ಬಟ್ಟೆ ಮೇಲೆ ಕೂರ್ಬಾರ್ದು.

ಮೆಶ್, ಸ್ಪೈರಲ್, ಪೈಪ್

ಬರೀ ಬಟ್ಟೆ ಮೂಲಕ ರೆಸಿನ್ ಒಂದು ಗೇಣು ಹೋಗೋಕೂ ಒದ್ದಾಡುತ್ತೆ. ಮೇಲೆ ಒಂದು ಪ್ಲಾಸ್ಟಿಕ್ ಜಾಲರಿ ಹಾಸಿದ್ರೆ ರೆಸಿನ್ ಅದರಲ್ಲಿ ಬೇಗ ಹರಡಿ ಆಮೇಲೆ ಕೆಳಕ್ಕೆ ಇಳಿಯುತ್ತೆ, ಹರಿಯೋ ದೂರ ಮೀಟರ್‌ನಿಂದ ಮಿಲಿಮೀಟರ್‌ಗೆ ಬಂತು. ಅಮೆರಿಕದಲ್ಲಿ ವಿಲಿಯಂ ಸೀಮನ್ 1990ರಲ್ಲಿ ಇಂಥ ಹರಡೋ ಪದರದ ವಿಧಾನಕ್ಕೆ ಪೇಟೆಂಟ್ ತಗೊಂಡಿದ್ದ, ಸ್ಕ್ರಿಂಪ್ ಅಂತ ಅದರ ಹೆಸರು, ದೊಡ್ಡ ದೋಣಿಗಳನ್ನೂ ಹೀಗೆ ಮಾಡ್ತಾರೆ.

ಈಗ ಮುಖ್ಯ ವಿಷಯ. ಮೆಶ್ ಪೂರ್ತಿ ಪಾರ್ಟ್ ಮುಚ್ಚಬಾರ್ದು. ವ್ಯಾಕ್ಯೂಮ್ ಇರೋ ಕಡೆ ಪಾರ್ಟ್ ಅಂಚಿಗಿಂತ 3 ರಿಂದ 5 ಸೆಂ.ಮೀ. ಮುಂಚೆನೇ ನಿಲ್ಲಿಸಿ. ಇದು ಬ್ರೇಕ್. ಮೇಲೆ ಓಡಿ ಬಂದ ರೆಸಿನ್‌ಗೆ ಅಲ್ಲಿ ಜಾಲರಿ ಇಲ್ಲ, ಬಟ್ಟೆ ಒಳಗೇ ನುಗ್ಗಿ ಹೋಗ್ಬೇಕು, ನಿಧಾನ ಆಗುತ್ತೆ, ಅಷ್ಟರಲ್ಲಿ ಹಿಂದೆ ಉಳಿದಿದ್ದ ಕೆಳಪದರ ಒದ್ದೆ ಆಗುತ್ತೆ. ಬ್ರೇಕ್ ಇಲ್ದೆ ಮೆಶ್ ನೇರ ವ್ಯಾಕ್ಯೂಮ್ ಟ್ಯೂಬ್‌ಗೆ ತಾಗಿಸಿದ್ರೆ ರೆಸಿನ್ ಮೇಲ್ಮೇಲೆ ಓಡಿ ಕ್ಯಾಚ್ ಪಾಟ್ ತುಂಬುತ್ತೆ, ಪಾರ್ಟ್ ತಿರುಗಿಸಿ ನೋಡಿದ್ರೆ ಕೆಳಗೆ ಬೆಳ್ಳಗೆ ಒಣ ಬಟ್ಟೆ.

ಅದೇ ರೀತಿ ಎರಡು ಪಕ್ಕದ ಅಂಚಲ್ಲೂ ಮೆಶ್ ಒಂದೆರಡು ಸೆಂ.ಮೀ. ಒಳಗೆ ಇರ್ಲಿ. ಬಟ್ಟೆ ಅಂಚಿಗೂ ಬ್ಯಾಗ್‌ಗೂ ನಡುವೆ ಸಂದಿ ಉಳಿದ್ರೆ ರೆಸಿನ್ ಅದನ್ನೇ ಕಾಲುವೆ ಮಾಡ್ಕೊಂಡು ಮುಂದೆ ಓಡಿ, ಆ ಕಡೆಯಿಂದ ವ್ಯಾಕ್ಯೂಮ್ ಬಾಯಿ ಮುಚ್ಚಿ, ಮಧ್ಯದಲ್ಲಿ ದ್ವೀಪದ ಹಾಗೆ ಒಣ ಜಾಗ ಬಿಟ್ಟುಬಿಡುತ್ತೆ.

ರೆಸಿನ್ ಬರೋ ಅಂಚಿನ ಉದ್ದಕ್ಕೂ ಸ್ಪೈರಲ್ ಟ್ಯೂಬ್, ಮೆಶ್ ಅದರ ಅಡಿಗೆ ಹೋಗಿರ್ಬೇಕು. ಎದುರು ಅಂಚಿನ ಉದ್ದಕ್ಕೂ ಪಂಪ್ ಕಡೆ ಹೋಗೋ ಇನ್ನೊಂದು ಸ್ಪೈರಲ್, ಅದು ಪೀಲ್ ಪ್ಲೈ ಮೇಲೆ, ಬಟ್ಟೆಯಿಂದ ಹೊರಗೆ. ಸ್ಪೈರಲ್‌ನ ಸ್ವಲ್ಪ ಎಳೆದು ಸುರುಳಿ ಬಿಡಿಸಿದ್ರೆ ರೆಸಿನ್ ಸರಾಗವಾಗಿ ಹೊರಗೆ ಬರುತ್ತೆ. ತುದಿಗಳು ಚೂಪು, ಅದಕ್ಕೆ ಟೇಪ್ ಸುತ್ತಿ, ಬ್ಯಾಗ್ ತೂತು ಮಾಡೋದ್ರಲ್ಲಿ ಅದಕ್ಕೆ ಎರಡನೇ ಸ್ಥಾನ, ಮೊದಲನೇ ಸ್ಥಾನ ಒಳಗೆ ಮರೆತು ಬಿಟ್ಟ ಕತ್ತರಿಗೆ. ನಗ್ಬೇಡಿ, ಆಗಿದೆ.

ಬ್ಯಾಗ್

ಬ್ಯಾಗ್ ಚಿಕ್ಕದಾದ್ರೆ ಕೆಲಸ ಕೆಟ್ಟಿತು, ದೊಡ್ಡದಾದ್ರೆ ಏನೂ ಆಗಲ್ಲ. ಮೋಲ್ಡ್ ಸುತ್ತಳತೆಗಿಂತ ಕಾಲು ಭಾಗ ಜಾಸ್ತಿ ಉದ್ದ ಇರೋ ಹಾಗೆ ಕತ್ತರಿಸಿ. ಮಾಸ್ಕಿಂಗ್ ಟೇಪ್ ಕಿತ್ತು, ಆ ಜಾಗ ಒರೆಸಿ, ಸೀಲೆಂಟ್ ಟೇಪ್ ಅಂಟಿಸಿ, ಮೇಲಿನ ಕಾಗದ ಈಗಲೇ ಪೂರ್ತಿ ಕೀಳ್ಬೇಡಿ. ಒಂದು ಮೂಲೆಯಿಂದ ಶುರು ಮಾಡಿ, ಕಾಗದ ಒಂದು ಗೇಣು ಕಿತ್ತು ಬ್ಯಾಗ್ ಅಂಟಿಸ್ತಾ ಹೋಗಿ, ಮತ್ತೆ ಒಂದು ಗೇಣು.

ಜಾಸ್ತಿ ಇರೋ ಬ್ಯಾಗ್‌ಗೆ ಪ್ಲೀಟ್ ಹಾಕ್ಬೇಕು, ಸೀರೆ ನೆರಿಗೆ ಥರಾನೇ, ಮೇಲಕ್ಕೆ ಕಿವಿ ಎತ್ತಿ ನಿಂತಿರುತ್ತೆ. ಪ್ರತಿ ಮೂಲೆಗೂ ಒಂದು, ಒಳ ಗುಂಡಿ ಇರೋ ಕಡೆ ಇನ್ನೊಂದು, ಪೈಪ್ ಒಳಗೆ ಬರೋ ಕಡೆ ಒಂದೊಂದು. ಒಂದು ತುಂಡು ಟೇಪ್ ಲಂಬವಾಗಿ ನಿಲ್ಲಿಸಿ ಅದರ ಎರಡೂ ಪಕ್ಕಕ್ಕೆ ಬ್ಯಾಗ್ ಅಂಟಿಸಿದ್ರೆ ಪ್ಲೀಟ್ ಆಯ್ತು. ಅದರ ಬುಡದಲ್ಲಿ, ನಿಂತ ಟೇಪ್ ಮಲಗಿದ ಟೇಪ್‌ಗೆ ಸೇರೋ ಜಾಗದಲ್ಲಿ, ಉಗುರಿನ ತುದಿಯಷ್ಟು ತ್ರಿಕೋನ ಸಂದಿ ಉಳಿಯುತ್ತೆ. ನಾನು ಹುಡುಕಿದ ಲೀಕ್‌ಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಇಲ್ಲೇ. ಹೆಬ್ಬೆರಳಿಂದ ಅಲ್ಲ, ಐಸ್‌ಕ್ರೀಮ್ ಕಡ್ಡಿ ಥರದ್ದರಿಂದ ಒತ್ತಿ. ಪೈಪ್ ಒಳಗೆ ಬರೋ ಕಡೆ ಪೈಪ್‌ಗೆ ಮೊದಲೇ ಒಂದು ಸುತ್ತು ಟೇಪ್ ಸುತ್ತಿ ಆಮೇಲೆ ಫ್ಲ್ಯಾಂಜ್ ಟೇಪ್ ಮೇಲೆ ಕೂರಿಸಿ.

ಡ್ರಾಪ್ ಟೆಸ್ಟ್

ಪಂಪ್ ನಿಲ್ಲಿಸಿದ ಮೇಲೆ ವ್ಯಾಕ್ಯೂಮ್ ಎಷ್ಟು ಬೀಳುತ್ತೆ ಅಂತ ನೋಡೋ ಪರೀಕ್ಷೆ ಇದು. ರೆಸಿನ್ ಬರೋ ಪೈಪ್‌ನ ಮಡಚಿ ಕ್ಲ್ಯಾಂಪ್ ಹಾಕಿ, ಒಂದು ಸಾಲದು, ಎರಡು ಹಾಕಿ. ಪಂಪ್ ಹಾಕಿ ನಿಧಾನಕ್ಕೆ ಗಾಳಿ ತೆಗೀರಿ, ಬ್ಯಾಗ್ ಇನ್ನೂ ಸಡಿಲ ಇರೋವಾಗ ಪಂಪ್ ನಿಲ್ಲಿಸಿ, ಮೂಲೆಗಳಿಗೆ ಬ್ಯಾಗ್ ತಳ್ಳಿ, ನೆರಿಗೆ ಹಂಚಿ, ಬಟ್ಟೆ ಸರಿದಿದ್ರೆ ಸರಿ ಮಾಡಿ. ಆಮೇಲೆ ಪೂರ್ತಿ ವ್ಯಾಕ್ಯೂಮ್. ಬಟ್ಟೆಯಲ್ಲಿರೋ ತೇವ, ಸಂದಿ ಗಾಳಿ ಹೊರಗೆ ಬರೋಕೆ ಅರ್ಧ ಗಂಟೆ ಬಿಡಿ. ಈಗ ಪಂಪ್‌ಗೂ ಕ್ಯಾಚ್ ಪಾಟ್‌ಗೂ ನಡುವೆ ಕ್ಲ್ಯಾಂಪ್ ಹಾಕಿ, ಪಂಪ್ ನಿಲ್ಲಿಸಿ, ಗೇಜ್ ಅಂಕಿ ಮತ್ತೆ ಟೈಮ್ ಎರಡನ್ನೂ ಫ್ಲ್ಯಾಂಜ್ ಮೇಲೇ ಮಾರ್ಕರ್‌ನಿಂದ ಬರೀರಿ. ಆಮೇಲೆ ಹೋಗಿ ಬೇರೆ ಕೆಲಸ ಮಾಡಿ, ಗೇಜ್ ಮುಂದೆ ಕೂತು ನೋಡ್ತಾ ಇದ್ರೆ ಐದೇ ನಿಮಿಷಕ್ಕೆ ಸಾಕು ಅನ್ಸುತ್ತೆ.

ನಾನು ಇಟ್ಕೊಂಡಿರೋ ಲೆಕ್ಕ: 20 ನಿಮಿಷದಲ್ಲಿ 5 ಮಿಲಿಬಾರ್ ಒಳಗೆ ಏರಿದ್ರೆ ಮುಂದಕ್ಕೆ, 5 ರಿಂದ 10 ಆದ್ರೆ ಇನ್ನೊಂದು ಸಲ ಹುಡುಕಾಟ, ಅದಕ್ಕಿಂತ ಜಾಸ್ತಿ ಆದ್ರೆ ಇವತ್ತು ರೆಸಿನ್ ಡಬ್ಬಿ ಮುಟ್ಟೋ ಹಾಗಿಲ್ಲ.

ಅಂಕಿ ಏರ್ತಿದೆ ಅಂದ್ರೆ ಲೀಕೇ ಅಂತ ಅಲ್ಲ. ಐದೈದು ನಿಮಿಷಕ್ಕೆ ಬರ್ಕೊಳ್ಳಿ, ಒಂದೇ ಸಮ ಏರ್ತಾ ಇದ್ರೆ ಲೀಕ್, ಮೊದಲು ಜೋರಾಗಿ ಏರಿ ಆಮೇಲೆ ನಿಧಾನ ಆಗಿ ನಿಂತ್ರೆ ಒಳಗಿನ ಫೋಮ್, ಮರ, ತೇವದಿಂದ ಬರ್ತಿರೋ ಗಾಳಿ, ಪಂಪ್ ಇನ್ನೊಂದು ಗಂಟೆ ಓಡಿಸಿ ಸಾಕು. ಲೀಕೇ ಆಗಿದ್ರೆ ಮೊದಲು ಬ್ಯಾಗ್ ಪೈಪ್‌ಗೆ ಕ್ಲ್ಯಾಂಪ್ ಹಾಕಿ ಕ್ಯಾಚ್ ಪಾಟ್ ಒಂದನ್ನೇ ಪರೀಕ್ಷೆ ಮಾಡಿ. ಒಂದು ಸಲ ಮೂರು ಗಂಟೆ ಬ್ಯಾಗ್ ಸುತ್ತ ತಡಕಾಡಿದೀನಿ, ಕೊನೆಗೆ ನೋಡಿದ್ರೆ ಪಾಟ್ ಮುಚ್ಚಳದ ರಬ್ಬರ್ ರಿಂಗ್ ಮೇಲೆ ಹಿಂದಿನ ಸಲದ ರೆಸಿನ್ ಹನಿ ಒಂದು ಗಟ್ಟಿಯಾಗಿ ಕೂತಿತ್ತು. ಪಾಟ್ ಸರಿ ಇದ್ರೆ ಬ್ಯಾಗ್ ಕಡೆ ಬನ್ನಿ. ರೂಮಿನಲ್ಲಿ ಫ್ಯಾನ್ ಆರಿಸಿ, ಸಣ್ಣ ಪೈಪ್ ತುಂಡಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಟೇಪ್ ಉದ್ದಕ್ಕೂ ಹಿಡಿದು ಸಾಗಿ. ಲೀಕ್ ಇರೋ ಕಡೆ ಸಣ್ಣಗೆ ಸುಯ್ ಅಂತ ಕೇಳುತ್ತೆ, ಒತ್ತಿದ ತಕ್ಷಣ ನಿಲ್ಲುತ್ತೆ. ಬ್ಯಾಗ್ ಮೈಮೇಲೆ ತೂತಿದ್ರೆ ಕಡಲೆ ಗಾತ್ರದ ಟೇಪ್ ಉಂಡೆ ಒತ್ತಿದ್ರೆ ಮುಗೀತು.

ರೆಸಿನ್ ಎಷ್ಟು

ಅಂದಾಜಿನ ಮೇಲೆ ಕಲಸ್ಬೇಡಿ, ಲೆಕ್ಕ ಹಾಕಿ. 600 ಜಿಎಸ್ಎಂ (ಚದರ ಮೀಟರ್‌ಗೆ 600 ಗ್ರಾಂ) ಗ್ಲಾಸ್ ನಾಲ್ಕು ಲೇಯರ್, ಒಂದು ಚದರ ಮೀಟರ್, ಅಂದ್ರೆ 2400 ಗ್ರಾಂ ಬಟ್ಟೆ. ಗ್ಲಾಸ್ ಸಾಂದ್ರತೆ 2.55 ಇಟ್ಕೊಂಡ್ರೆ ಗಾತ್ರ 941 ಸಿಸಿ. ಫೈಬರ್ 55 ಶೇಕಡಾ ಅಂದ್ರೆ ರೆಸಿನ್ 45, ಗಾತ್ರ 770 ಸಿಸಿ, ಎಪಾಕ್ಸಿ ಸಾಂದ್ರತೆ 1.15 ಆದ್ರೆ 885 ಗ್ರಾಂ. ಪಾರ್ಟ್ ದಪ್ಪ ಸುಮಾರು 1.7 ಮಿ.ಮೀ. ಬರುತ್ತೆ. ಆದ್ರೆ ಇದು ಪಾರ್ಟ್ ಒಳಗೆ ಇರೋದು ಮಾತ್ರ. ಮೆಶ್ ಒಂದೇ ಚದರ ಮೀಟರ್‌ಗೆ ಸುಮಾರು 500 ಗ್ರಾಂ ಕುಡಿಯುತ್ತೆ, ಪೀಲ್ ಪ್ಲೈಗೆ 100, ಒಳಗೆ 10 ಮಿ.ಮೀ. ಇರೋ ಪೈಪ್ ಮೀಟರ್‌ಗೆ 78 ಸಿಸಿ ತುಂಬ್ಕೊಳ್ಳುತ್ತೆ, ಮೂರು ಮೀಟರ್‌ಗೆ 270 ಗ್ರಾಂ, ಬಕೆಟ್ ತಳದಲ್ಲಿ ಉಳಿಯೋಕೆ 150. ಒಟ್ಟು 1900 ಗ್ರಾಂ. ಅಂದ್ರೆ ಪಾರ್ಟ್‌ಗಿಂತ ಕಸಕ್ಕೇ ಜಾಸ್ತಿ ಹೋಗುತ್ತೆ, ಸಣ್ಣ ಪಾರ್ಟ್‌ನಲ್ಲಿ ಇದು ಹಾಗೇ. ನಿಮ್ಮ ಮೆಶ್ ಎಷ್ಟು ಕುಡಿಯುತ್ತೆ ಅಂತ ಮೊದಲ ಪ್ಯಾನಲ್ ಆದ ಮೇಲೆ ಕಿತ್ತ ಮೆಶ್ ತೂಗಿ ನೋಡ್ಕೊಳ್ಳಿ.

ಅನುಪಾತ ತೂಕದಲ್ಲಿ 100ಕ್ಕೆ 30 ಇದ್ರೆ 1900 ಗ್ರಾಂಗೆ ರೆಸಿನ್ 1462, ಹಾರ್ಡ್ನರ್ (ರೆಸಿನ್ ಗಟ್ಟಿ ಮಾಡೋ ದ್ರವ) 438. ಎಪಾಕ್ಸಿಯಲ್ಲಿ ಬೇಗ ಗಟ್ಟಿ ಆಗ್ಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕೋದು ಶುದ್ಧ ತಪ್ಪು, ಬೇಗ ಆಗಲ್ಲ, ಮೆತ್ತಗೆ ಉಳಿಯುತ್ತೆ. ಪಾಲಿಯೆಸ್ಟರ್ ಬೇರೆ ಜಾತಿ, ಅದರಲ್ಲಿ ಎಂಇಕೆಪಿ (ಪಾಲಿಯೆಸ್ಟರ್ ಗಟ್ಟಿ ಮಾಡೋ ರಾಸಾಯನಿಕ) ಸಾಮಾನ್ಯವಾಗಿ 1 ರಿಂದ 2 ಶೇಕಡಾ. ಎಂಇಕೆಪಿ ಕಣ್ಣಿಗೆ ಬಿದ್ರೆ ಕಣ್ಣೇ ಹೋಗಬಹುದು, ಅದನ್ನ ಚುರುಕು ಮಾಡೋಕೆ ಬಳಸೋ ಕೋಬಾಲ್ಟ್ ಜೊತೆ ನೇರವಾಗಿ ಬೆರೆಸಿದ್ರೆ ಸಿಡಿಯುತ್ತೆ, ಕನ್ನಡಕ ಇಲ್ದೆ ಬಾಟಲಿ ತೆರೀಬೇಡಿ. ಎಪಾಕ್ಸಿ ವಾಸನೆ ಬರಲ್ಲ ಅಂತ ಬರಿಗೈಲಿ ಮುಟ್ಟೋರು ಇದ್ದಾರೆ, ಇವತ್ತು ಏನೂ ಆಗಲ್ಲ, ಒಂದಿನ ಚರ್ಮಕ್ಕೆ ಅಲರ್ಜಿ ಶುರುವಾದ್ರೆ ಮತ್ತೆ ಜೀವಮಾನ ಪೂರ್ತಿ ಎಪಾಕ್ಸಿ ಹತ್ತಿರ ಹೋಗೋ ಹಾಗಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆಗೆದಿರ್ಲಿ.

ರೂಮು, ಮೋಲ್ಡು, ರೆಸಿನ್ ಮೂರೂ 20 ರಿಂದ 25 ಡಿಗ್ರಿ ಇದ್ರೆ ಒಳ್ಳೇದು. ಚಳಿಯಲ್ಲಿ ರೆಸಿನ್ ದಪ್ಪ ಆಗುತ್ತೆ, ಸೆಕೆಯಲ್ಲಿ ಪಾಟ್ ಲೈಫ್ (ಕಲಸಿದ ಮೇಲೆ ಬಳಸೋಕೆ ಸಿಗೋ ಹೊತ್ತು) ಓಡುತ್ತೆ, 10 ಡಿಗ್ರಿ ಏರಿದ್ರೆ ಹತ್ತಿರ ಹತ್ತಿರ ಅರ್ಧ ಆಗುತ್ತೆ. ಬಕೆಟ್‌ನಲ್ಲಿ ಗುಡ್ಡೆಯಾಗಿ ಕೂತ ರೆಸಿನ್ ತನ್ನ ಬಿಸಿಗೆ ತಾನೇ ಬೇಯುತ್ತೆ, ಹಾಗಾಗಿ ಪೂರ್ತಿ ಒಂದೇ ಸಲ ಕಲಸದೆ ಎರಡು ಮೂರು ಪಾಲು ಮಾಡಿ, ಹಾರ್ಡ್ನರ್ ಪಕ್ಕದಲ್ಲಿ ತೂಗಿ ಇಟ್ಕೊಂಡಿರಿ, ಬಕೆಟ್‌ನ ತಣ್ಣೀರಿನ ಟಬ್‌ನಲ್ಲಿ ಕೂರಿಸಿ. ನೀರು ಒಳಗೆ ಸಿಡಿಯದ ಹಾಗೆ ನೋಡ್ಕೊಳ್ಳಿ. ಹೊಗೆ ಬರೋಕೆ ಶುರುವಾದ ಬಕೆಟ್ ಸೀದಾ ಹೊರಗೆ ಬಯಲಿಗೆ.

ಕಲಸಿದ ಮೇಲೆ ಡೀಗ್ಯಾಸ್ ಮಾಡೋ (ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ತೆಗೆಯೋ) ಸೌಕರ್ಯ ಇದ್ರೆ ಮಾಡಿ, ಪಾತ್ರೆ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಹಾಲು ಉಕ್ಕಿದ ಹಾಗೆ ಉಕ್ಕುತ್ತೆ. ಇಲ್ಲಾಂದ್ರೆ ನಿಧಾನಕ್ಕೆ, ಗಾಳಿ ಸೇರದ ಹಾಗೆ ಕಲಸಿ, ತಳ, ಪಕ್ಕ ಎಲ್ಲ ಕೆರೆದು, ಹತ್ತು ನಿಮಿಷ ಬಿಡಿ.

ರೆಸಿನ್ ಬಿಡೋದು

ಬಕೆಟ್ ಮೋಲ್ಡ್‌ಗಿಂತ ಎತ್ತರದಲ್ಲಿ ಇರಬಾರ್ದು, ನೆಲದ ಮೇಲೇ ಇರ್ಲಿ, ಮೇಲಿದ್ರೆ ಫೀಡ್ (ರೆಸಿನ್ ಬರೋ) ಕಡೆ ಬ್ಯಾಗ್ ಉಬ್ಬುತ್ತೆ. ಪೈಪ್ ತುದಿನ ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದ್ರೆ ಅದು ಬಕೆಟ್ ತಳಕ್ಕೆ ಲೋಟ ಕವುಚಿದ ಹಾಗೆ ಅಂಟಿ ಕೂರುತ್ತೆ, ಹರಿವು ನಿಲ್ಲುತ್ತೆ, ನಿಮಗೆ ಕಾರಣ ಹೊಳೆಯೋಕೆ ಐದು ನಿಮಿಷ ಬೇಕು. ಪೈಪ್‌ನ ಬಕೆಟ್ ಅಂಚಿಗೆ ಕಟ್ಟಿಬಿಡಿ, ಯಾರದೋ ಕಾಲು ತಾಗಿ ಅದು ಮೇಲೆದ್ದು ಗಾಳಿ ಕುಡಿದ್ರೆ ಅಷ್ಟೂ ಗುಳ್ಳೆ ಸೀದಾ ಪಾರ್ಟ್ ಒಳಕ್ಕೆ ಹೋಗುತ್ತೆ.

ಪಂಪ್ ಓಡ್ತಿದೆ, ಗೇಜ್ ಸರಿ ಇದೆ, ಅಂದ್ರೆ ಕ್ಲ್ಯಾಂಪ್ ಮೆಲ್ಲಗೆ ತೆಗೀರಿ. ರೆಸಿನ್ ಪೈಪ್‌ನಲ್ಲಿ ಏರಿ, ಸ್ಪೈರಲ್ ತುಂಬಿ, ಮೆಶ್‌ಗೆ ಇಳಿಯುತ್ತೆ. ಮೊದಲು ಜೋರು, ಹೋಗ್ತಾ ಹೋಗ್ತಾ ನಿಧಾನ, ಇದು ಡಾರ್ಸಿ ಹೇಳಿದ್ದೇ, ಗಾಬರಿ ಬೇಡ. ಐದು ನಿಮಿಷಕ್ಕೊಮ್ಮೆ ಮುಂಚೂಣಿ ಎಲ್ಲಿದೆ ಅಂತ ಬ್ಯಾಗ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ಟೈಮ್ ಬರೀರಿ. ತುಂಬಾ ಬೇಗ ಓಡ್ತಿದ್ರೆ ಕ್ಲ್ಯಾಂಪ್ ಸ್ವಲ್ಪ ಬಿಗಿ ಮಾಡಿ.

ಗುಳ್ಳೆ ಬಂದ್ರೆ ಎಲ್ಲಿಂದ ಅಂತ ನೋಡಿ. ಮುಂಚೂಣೀಲಿ ನೊರೆ ಥರ ಇರೋದು ಮಾಮೂಲು, ಅದು ಹೊರಗೆ ಹೋಗುತ್ತೆ. ಒಂದೇ ಚುಕ್ಕಿಯಿಂದ ಮಣಿಸರದ ಹಾಗೆ ಸಾಲಾಗಿ ಬರ್ತಿದ್ರೆ ಅಲ್ಲೇ ಲೀಕ್, ಟೇಪ್ ಉಂಡೆ ಒತ್ತಿ. ಫೀಡ್ ಪೈಪ್‌ನಿಂದಲೇ ಬರ್ತಿದ್ರೆ ಅದರ ಜಾಯಿಂಟ್ ನೋಡಿ.

ಕಡೇ ಅಂಚಿನ ತನಕ ಬಟ್ಟೆ ಪೂರ್ತಿ ಒದ್ದೆ ಆದ ಮೇಲೆ ಫೀಡ್ ಮುಚ್ಚಿ, ಮತ್ತೆ ಎರಡು ಕ್ಲ್ಯಾಂಪ್. ಬಕೆಟ್ ಖಾಲಿ ಆಗೋ ತನಕ ಕಾಯೋದಲ್ಲ, ಉಳಿದ್ರೆ ಉಳೀಲಿ. ವ್ಯಾಕ್ಯೂಮ್ ಮಾತ್ರ ಮುಚ್ಚಬೇಡಿ. ಫೀಡ್ ಕಡೆ ಬ್ಯಾಗ್ ಕೆಳಗೆ ಇನ್ನೂ ಜಾಸ್ತಿ ರೆಸಿನ್ ಇರುತ್ತೆ, ಬೆರಳಿಂದ ಒತ್ತಿದ್ರೆ ಮೆತ್ತಗೆ ಸಿಗುತ್ತೆ, ಅದು ನಿಧಾನಕ್ಕೆ ವ್ಯಾಕ್ಯೂಮ್ ಕಡೆ ಸರಿದು ದಪ್ಪ ಸಮ ಆಗುತ್ತೆ. ಪಾಲಿಯೆಸ್ಟರ್, ವಿನೈಲ್ ಎಸ್ಟರ್ ಆದ್ರೆ ತುಂಬಿದ ಮೇಲೆ ವ್ಯಾಕ್ಯೂಮ್ ಸ್ವಲ್ಪ ಇಳಿಸಿ, 150 ಮಿಲಿಬಾರ್ ಅಬ್ಸಲ್ಯೂಟ್ ಹತ್ತಿರ, ಇಲ್ಲಾಂದ್ರೆ ಸ್ಟೈರೀನ್ ಕುದಿಯೋಕೆ ಶುರು ಮಾಡುತ್ತೆ.

ಗಟ್ಟಿ ಆಗೋದು, ಬಿಡಿಸೋದು

ಜೆಲ್ ಆಗಿ ಪೂರ್ತಿ ಗಟ್ಟಿ ಆಗೋ ತನಕ ಪಂಪ್ ನಿಲ್ಲಿಸೋ ಹಾಗಿಲ್ಲ. ಬಕೆಟ್‌ನಲ್ಲಿರೋದು ಕಲ್ಲಾಯ್ತು ಅಂತ ಪಾರ್ಟ್ ಕೂಡ ಆಗಿದೆ ಅಂತ ಅಲ್ಲ, ತೆಳು ಪದರ ಮೋಲ್ಡ್‌ಗೆ ಬಿಸಿ ಬಿಟ್ಟುಕೊಡೋದ್ರಿಂದ ಅದು ಗಂಟೆಗಟ್ಟಲೆ ಹಿಂದೆ ಇರುತ್ತೆ. ಎಪಾಕ್ಸಿಗೆ ಸಾಮಾನ್ಯವಾಗಿ ರಾತ್ರಿ ಪೂರ್ತಿ ಬಿಡ್ತೀನಿ, ರಾತ್ರಿ ಕರೆಂಟ್ ಹೋದ್ರೂ ಡ್ರಾಪ್ ಟೆಸ್ಟ್ ಚೆನ್ನಾಗಿ ಪಾಸಾಗಿದ್ದ ಬ್ಯಾಗ್ ಹಿಡಿದಿರುತ್ತೆ, ಪಂಪ್ ಲೈನ್‌ನಲ್ಲಿ ಗಾಳಿ ವಾಪಸ್ ಬರದ ಹಾಗೆ ತಡೆಯೋ ಒಂದು ನಾನ್ ರಿಟರ್ನ್ ವಾಲ್ವ್ ಇದ್ರೆ. ಪೋಸ್ಟ್ ಕ್ಯೂರ್ (ಗಟ್ಟಿಯಾದ ಮೇಲೆ ಬಿಸಿ ಕೊಡೋದು) ಬೇಕಂದ್ರೆ ಡೇಟಾಶೀಟ್ ನೋಡಿ, ಗಂಟೆಗೆ 10 ಡಿಗ್ರಿಯಂತೆ ನಿಧಾನಕ್ಕೆ ಏರಿಸಿ, ಆದಷ್ಟು ಮೋಲ್ಡ್ ಮೇಲೇ ಇದ್ದಾಗ.

ಪೀಲ್ ಪ್ಲೈನ ಮೇಲಕ್ಕೆ ಎತ್ತದೆ ಹಿಂದಕ್ಕೆ ಮಡಚಿ ಎಳೀರಿ, ಚರ್ ಅಂತ ಶಬ್ದ ಮಾಡ್ತಾ ಮೆಶ್, ಸ್ಪೈರಲ್ ಎಲ್ಲ ಜೊತೆಗೇ ಬರುತ್ತೆ. ಅಂಚಿಗೆ ಪ್ಲಾಸ್ಟಿಕ್ ಬೆಣೆ ಹಾಕಿ ಸುತ್ತ ಸ್ವಲ್ಪ ಸ್ವಲ್ಪ ಬಿಡಿಸಿ, ಒಂದೇ ಕಡೆ ಮೀಟ್ಬೇಡಿ.

ಕೆಳಮುಖ ಬೆಳಕಿಗೆ ಹಿಡಿದು ನೋಡಿ. ವ್ಯಾಕ್ಯೂಮ್ ಅಂಚಿನ ಹತ್ತಿರ ಮಾತ್ರ ಬಿಳಿ ಜಾಗ ಇದ್ರೆ ಬ್ರೇಕ್ ಸಾಲಲಿಲ್ಲ ಅಥವಾ ಫೀಡ್ ಬೇಗ ಮುಚ್ಚಿದ್ರಿ. ಮಧ್ಯದಲ್ಲಿ ದ್ವೀಪ ಇದ್ರೆ ಅಂಚಲ್ಲಿ ಕಾಲುವೆ ಆಗಿತ್ತು. ಎಲ್ಲಾ ಕಡೆ ಸೂಜಿ ತುದಿಯಷ್ಟು ಗುಳ್ಳೆ ಹರಡಿದ್ರೆ ಲೀಕ್, ಇಲ್ಲಾಂದ್ರೆ ಡೀಗ್ಯಾಸ್ ಆಗದ ರೆಸಿನ್. ಟ್ರಿಮ್ ಮಾಡಿದ ಅಂಚಿನ ಒಂದು ಪಟ್ಟಿನ ಬಿಸಾಡದೆ, ಅದರ ಮೇಲೆ ತಾರೀಕು, ರೂಮಿನ ಡಿಗ್ರಿ, ಡ್ರಾಪ್ ಟೆಸ್ಟ್ ಅಂಕಿ, ತುಂಬೋಕೆ ಹಿಡಿದ ಹೊತ್ತು ಬರೆದು ಒಂದು ಡಬ್ಬಿಗೆ ಹಾಕಿಡಿ. ನನ್ನ ಡಬ್ಬಿಯಲ್ಲಿ ಈಗ ನಲವತ್ತು ಚಿಲ್ಲರೆ ಪಟ್ಟಿ ಇದೆ, ಹೊಸ ಪಾರ್ಟ್‌ಗೆ ಪೈಪ್ ಎಲ್ಲಿ ಹಾಕ್ಲಿ ಅಂತ ಯೋಚಿಸೋವಾಗ ನಾನು ಮೊದಲು ತೆಗೆಯೋದು ಅದನ್ನೇ.